ಬ್ರಿಂಡಿಸಿಯ ರೇವು

ಅಂಚೆಯ ಚೀಟಿಗಳನ್ನೂ ಹಳೆಯ ಲಕೋಟೆಗಳನ್ನೂ ಕೂಡಿಡುವ ಹವ್ಯಾಸವುಳ್ಳವರ ಸಂಗ್ರಹಗಳಲ್ಲಿ, ೧೮೭೦ರಿಂದ ಈಚೆಗೆ ಹಿಂದೂದೇಶದಿಂದ ಇಂಗ್ಲೆಂಡಿಗೆ ಹೋದ ಕೆಲವು ಲಕೋಟೆಗಳ ಮೇಲೆ ‘ಬ್ರಿಂಡಿಸಿಯ ಮಾರ್ಗವಾಗಿ’ ಎಂಬರ್ಥದ ಬರಹವನ್ನು ಕಾಣಬಹುದು. ವಿಳಾಸವು ಲಂಡನಿನದು, ಮುದ್ರೆಯು ಮುಂಬಯಿಯದು, ನಡುವೆ ಈ ಮೂರನೆಯ ಊರಿನ ಹೆಸರು. ಬೆಂಗಳೂರು ಮೈಸೂರುಗಳಲ್ಲಿ ಬರೆದ ಕಾಗದವೂ ಸಹ, ಬೇಗ ತಲುಪಬೇಕೆಂದು ಬರೆದವನು ಬಯಸಿದರೆ, ಮುಂಬಯಿಯಲ್ಲಿ ಹಡಗನ್ನೇರಿ ಈ ಊರಿನಲ್ಲಿಯೇ ನೆಲವನ್ನು ಮುಟ್ಟಬೇಕಾಗಿತ್ತು. ಹೀಗೆ ನಮ್ಮ ಹಿರಿಯರ ಕೈಬರಹದಲ್ಲಿ ಸಾವಿರಾರು ಸಲ ಮೂಡಿದ ಹೆಸರಾದರೂ, ಆ ಊರು ಎಂತಹದು, ಎಷ್ಟು ಹಳೆಯದು ಎಂಬುದನ್ನು ವಿಚಾರಿಸಿದವರು ವಿರಳ. ಹಾದುಹೋಗುವ ಊರಿನ ಹಣೆಯ ಬರಹವೇ ಅಂತಹುದು. ಬಾಗಿಲನ್ನು ದಾಟುವವನು ಮನೆಯೊಳಗಣ ಚಿತ್ರಪಟಗಳನ್ನು ನೋಡಿಯಾನೇ ಹೊರತು ಬಾಗಿಲ ಕೆತ್ತನೆಯನ್ನು ನಿಂತು ನೋಡುವುದಿಲ್ಲ.

ಇಟಲಿ ದೇಶವು ಪಾದರಕ್ಷೆಯ ಆಕಾರದಲ್ಲಿದೆಯೆಂದು ಭೂಗೋಲವನ್ನು ಓದಿದ ಮಕ್ಕಳೆಲ್ಲರೂ ಬಲ್ಲರು. ಆ ಪಾದರಕ್ಷೆಯ ಹಿಮ್ಮಡಿಯ ಮೇಲೆ, ಆಡ್ರಿಯಾಟಿಕ್ ಸಮುದ್ರದ ದಡದಲ್ಲಿ ಬ್ರಿಂಡಿಸಿ ಇದೆ. ಇಲ್ಲಿ ಕಡಲು ನೆಲದೊಳಕ್ಕೆ ಒಂದು ಇಕ್ಕಟ್ಟಾದ ಕಾಲುವೆಯಾಗಿ ನುಗ್ಗಿ, ಒಳಗೆ ಬಂದೊಡನೆ ಎರಡು ತೋಳುಗಳಾಗಿ ಕವಲೊಡೆದು ಊರನ್ನು ಎರಡು ಕಡೆಯಿಂದಲೂ ಬಳಸಿಕೊಂಡಿದೆ. ರೋಮನರಿಗಿಂತ ಮೊದಲು ಈ ಸೀಮೆಯಲ್ಲಿದ್ದ ಮೆಸ್ಸಾಪಿಯ ಜನರ ಭಾಷೆಯಲ್ಲಿ ಈ ಹೆಸರಿಗೆ ಜಿಂಕೆಯ ತಲೆಯೆಂದು ಅರ್ಥವಿತ್ತೆಂದು ಗ್ರೀಕ್ ಭೂಗೋಲಕಾರನಾದ ಸ್ಟ್ರೇಬೋ ಬರೆದಿದ್ದಾನೆ. ಎರಡು ಕೊಂಬುಗಳಂತಿರುವ ನೀರಿನ ತೋಳುಗಳಿಂದ ಬಂದ ಹೆಸರು ಅದು. ಊರಿನ ಲಾಂಛನದಲ್ಲಿ ಇಂದಿಗೂ ಜಿಂಕೆಯ ತಲೆಯೇ ಇದೆ. ಹೊರಗೆ ಎಷ್ಟೇ ಬಿರುಗಾಳಿ ಎದ್ದರೂ ಒಳಗೆ ನೀರು ಕೆರೆಯ ನೀರಿನಂತೆ ಅಲುಗದೆ ನಿಂತಿರುವ ಇಂತಹ ರೇವನ್ನು ಪ್ರಕೃತಿಯು ಎಲ್ಲ ದೇಶಗಳಿಗೂ ಕೊಡುವುದಿಲ್ಲ. ಈ ಊರಿನ ಭಾಗ್ಯವೂ ದೌರ್ಭಾಗ್ಯವೂ ಆ ಇಕ್ಕಟ್ಟಾದ ಕಾಲುವೆಯೊಂದರಲ್ಲಿಯೇ ಅಡಗಿದೆಯೆಂಬುದು ಮುಂದಿನ ಕಥೆಯಿಂದ ವಾಚಕರಿಗೆ ತಿಳಿದುಬರುವುದು.

ಕ್ರಿ. ಪೂ. ಮೂರನೆಯ ಶತಮಾನದಲ್ಲಿ ರೋಮನರು ಈ ಸೀಮೆಯನ್ನು ಗೆದ್ದು, ೨೪೪ರಲ್ಲಿ ಇಲ್ಲಿ ತಮ್ಮ ಜನರನ್ನು ನೆಲೆಗೊಳಿಸಿದರು. ಅಪ್ಪಿಯಸ್ ಕ್ಲಾಡಿಯಸ್ ಎಂಬ ಅಧಿಕಾರಿಯು ಕ್ರಿ. ಪೂ. ೩೧೨ರಲ್ಲಿ ರೋಮಿನಿಂದ ಕಾಪುವಾ ಪಟ್ಟಣದವರೆಗೆ ಹಾಕಿಸಿದ ಕಲ್ಲುಹಾಸಿನ ಹೆದ್ದಾರಿಯು ಕ್ರಮೇಣ ಬೆಳೆದು ಕೊನೆಗೆ ಇಲ್ಲಿಯ ಕಡಲಿನಲ್ಲಿ ಮುಗಿಯಿತು. ಕಟ್ಟಿಸಿದವನು ಮುಪ್ಪಿನಲ್ಲಿ ಕಣ್ಣುಗಳನ್ನು ಕಳೆದುಕೊಂಡನಂತೆ. ಆದರೆ ಅವನ ಹೆಸರಿನ ದಾರಿಯು ಇಪ್ಪತ್ತಮೂರು ಶತಮಾನಗಳ ತರುವಾಯವೂ ಅಲ್ಲಲ್ಲಿ ನಡೆಯಲು ಯೋಗ್ಯವಾಗಿದೆ. ೨೦೨೪ರಲ್ಲಿ ಅದನ್ನು ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ರೋಮಿನಿಂದ ಗ್ರೀಸಿಗೆ ಹೋಗುವ ಸೇನಾಪತಿ, ವಿದ್ಯಾರ್ಥಿ, ವರ್ತಕ, ದೇಶಭ್ರಷ್ಟ, ಎಲ್ಲರೂ ಈ ದಾರಿಯಲ್ಲಿ ನಡೆದು ಬ್ರಿಂಡಿಸಿಯಲ್ಲಿ ಗಾಳಿಗಾಗಿ ಕಾಯಬೇಕಾಗಿತ್ತು. ಹೊರೇಸ್ ಕವಿಯು ರೋಮಿನಿಂದ ಇಲ್ಲಿಗೆ ಮಾಡಿದ ಪ್ರಯಾಣವನ್ನೇ ಒಂದು ಪರಿಹಾಸದ ಪದ್ಯವಾಗಿ ಬರೆದಿದ್ದಾನೆ. ಕೆಟ್ಟ ನೀರು, ಸೊಳ್ಳೆ, ಕಪ್ಪೆಗಳ ಕೂಗು, ದೋಣಿಯವರ ಜಗಳ, ಇವೆಲ್ಲವೂ ಅದರಲ್ಲುಂಟು. ಬ್ರಿಂಡಿಸಿಯನ್ನು ಕುರಿತು ಮಾತ್ರ, ಇಲ್ಲಿಗೆ ದಾರಿಯೂ ಮುಗಿಯಿತು ಬರೆಹವೂ ಮುಗಿಯಿತು ಎಂಬುದಕ್ಕಿಂತ ಹೆಚ್ಚಿನದಿಲ್ಲ. ಊರು ಅಷ್ಟರಮಟ್ಟಿಗೆ ಅಲಕ್ಷ್ಯಕ್ಕೆ ಗುರಿಯಾಗಿದ್ದುದು ಆ ಕಾಲದಿಂದಲೇ ಎನ್ನಬೇಕು.

ಆದರೆ ಕಾಯುವವರ ಸಂಕಟವನ್ನು ಈ ಊರು ಕಂಡಷ್ಟು ಬೇರೊಂದು ಊರು ಕಂಡಿರಲಾರದು. ರೋಮಿನ ಪ್ರಸಿದ್ಧ ವಾಗ್ಮಿಯಾದ ಸಿಸೆರೋ ದೇಶಭ್ರಷ್ಟನಾಗಿದ್ದು ಕ್ರಿ. ಪೂ. ೫೭ನೆಯ ಆಗಸ್ಟ್ ೫ರಂದು ಇಲ್ಲಿಗೆ ಬಂದಿಳಿದಾಗ, ಮಗಳಾದ ಟುಲ್ಲಿಯಾ ದಡದಲ್ಲಿ ಕಾದಿದ್ದಳು. ಅಂದು ಅವಳ ಹುಟ್ಟಿದ ದಿನ. ಊರು ಸ್ಥಾಪನೆಯಾದ ದಿನವೂ ಅದೇ. ಊರಿಗೆ ಊರೇ ಸಂಭ್ರಮಪಟ್ಟಿತೆಂದು ಅವನು ಮಿತ್ರನಿಗೆ ಬರೆದ ಕಾಗದದಿಂದ ತಿಳಿದುಬರುತ್ತದೆ. ಹತ್ತು ವರ್ಷಗಳು ಕಳೆಯುವಷ್ಟರಲ್ಲಿ ಅದೇ ಸಿಸೆರೋ ಅದೇ ಊರಿನಲ್ಲಿ ಸುಮಾರು ಒಂದು ವರ್ಷಕಾಲ, ಸೋತ ಪಕ್ಷದವನಾಗಿ, ಗೆದ್ದ ಸೀಸರನ ಕ್ಷಮೆಗಾಗಿ ಕಾದುಕೊಂಡಿದ್ದನು. ಮುಂದಕ್ಕೆ ಹೋಗುವಂತಿಲ್ಲ, ಹಿಂದಕ್ಕೆ ಹೋಗುವಂತಿಲ್ಲ. ಆಗಲೂ ಮಗಳು ಬಂದು ತಂದೆಯನ್ನು ಕಂಡಳು. ಈ ಸಲ ಆ ದರ್ಶನದಿಂದ ಅವನಿಗೆ ಸಂತೋಷಕ್ಕಿಂತ ದುಃಖವೇ ಹೆಚ್ಚಾಯಿತು. ಕೊನೆಗೆ ಸೀಸರನು ಬಂದಾಗ ತಾನೇ ವಾಹನದಿಂದಿಳಿದು, ಅವನನ್ನು ಆಲಿಂಗಿಸಿ, ಬಹುದೂರ ಅವನೊಡನೆ ಮಾತನಾಡುತ್ತ ನಡೆದನೆಂದು ಪ್ಲುಟಾರ್ಕನು ಹೇಳುತ್ತಾನೆ.

ಆ ಸೀಸರನೇ ಈ ಊರಿಗೆ ಮಾಡಿದ ಕೇಡನ್ನು ಇಲ್ಲಿ ಹೇಳದಿರಲಾಗದು. ಕ್ರಿ. ಪೂ. ೪೯ರ ಮಾರ್ಚಿಯಲ್ಲಿ ಅವನ ಪ್ರತಿಸ್ಪರ್ಧಿಯಾದ ಪಾಂಪಿಯು ಸೇನೆಯೊಡನೆ ಬ್ರಿಂಡಿಸಿಯಲ್ಲಿ ಸಿಕ್ಕಿಬಿದ್ದಿದ್ದನು. ಸೀಸರನ ಬಳಿ ಹಡಗುಗಳಿರಲಿಲ್ಲ. ಆದುದರಿಂದ ಅವನು ರೇವಿನ ಬಾಯಿಯನ್ನೇ ಮುಚ್ಚಲು ತೊಡಗಿದನು. ನೀರು ಆಳವಿಲ್ಲದ ಕಡೆ ಎರಡು ದಡಗಳಿಂದಲೂ ಮಣ್ಣುಕಲ್ಲುಗಳ ಒಡ್ಡು. ಆಳವಾದ ಕಡೆ ಮೂವತ್ತು ಅಡಿ ಚೌಕದ ತೆಪ್ಪಗಳನ್ನು ಮೂಲೆಮೂಲೆಗೆ ಲಂಗರು ಹಾಕಿ ನಿಲ್ಲಿಸಿ, ಅವುಗಳ ಮೇಲೂ ಮಣ್ಣು, ಗೋಪುರ. ಸೇತುಬಂಧವನ್ನು ನೆನಪಿಗೆ ತರುವ ಕೆಲಸವಾದರೂ ಉದ್ದೇಶವು ವಿಪರೀತ: ಅಲ್ಲಿ ದಾಟುವುದಕ್ಕೆ ಕಟ್ಟಿದುದು, ಇಲ್ಲಿ ದಾಟದಂತೆ ತಡೆಯುವುದಕ್ಕೆ. ಒಂಬತ್ತು ದಿನಗಳಲ್ಲಿ ಕೆಲಸವು ಅರ್ಧ ಮುಗಿದಿತ್ತು. ಅಷ್ಟರಲ್ಲಿ ಪಾಂಪಿಯ ಹಡಗುಗಳು ಮರಳಿ ಬಂದುವು. ಅವನು ಬೀದಿಗಳಲ್ಲಿ ಕಂದಕ ತೋಡಿಸಿ, ಅದರೊಳಗೆ ಚೂಪಾದ ಗೂಟಗಳನ್ನು ನಿಲ್ಲಿಸಿ ಮೇಲೆ ತಡಿಕೆ ಮಣ್ಣು ಮುಚ್ಚಿಸಿ, ರಾತ್ರಿಯ ಕತ್ತಲೆಯಲ್ಲಿ ಸದ್ದಿಲ್ಲದೆ ಹೊರಟುಹೋದನು. ಸೈನಿಕರ ಹಾವಳಿಯಿಂದ ಬೇಸತ್ತಿದ್ದ ಊರವರೇ ಮಾಳಿಗೆಗಳ ಮೇಲಿನಿಂದ ಸೀಸರನಿಗೆ ಸನ್ನೆಮಾಡಿ, ಆ ಗುಂಡಿಗಳನ್ನು ತಪ್ಪಿಸಿಕೊಂಡು ಬರುವ ದಾರಿಯನ್ನು ತೋರಿಸಿದರು. ಸಿಕ್ಕಿದುದು ಒಡ್ಡಿಗೆ ತಗುಲಿ ನಿಂತ ಎರಡು ಹಡಗುಗಳು ಮಾತ್ರ. ಯುದ್ಧವು ಮುಂದಕ್ಕೆ ಸಾಗಿತು. ಒಡ್ಡಿನ ಕಲ್ಲುಮಣ್ಣುಗಳು ಕಾಲುವೆಯ ತಳದಲ್ಲಿಯೇ ಉಳಿದುವು. ಮುಂದೆ ರೇವಿನಲ್ಲಿ ಹೂಳು ನಿಂತುದಕ್ಕೆ ಇದೇ ಬೀಜವೆಂದು ಆ ಊರಿನವರು ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದಾರೆ.

ಈಗ ಸಾಹಿತ್ಯಪ್ರಿಯರಿಗೆ ಮುಖ್ಯವಾದ ಸಂಗತಿ. ಕ್ರಿ. ಪೂ. ೧೯ರಲ್ಲಿ ವರ್ಜಿಲ್ ಮಹಾಕವಿಯು ಗ್ರೀಸಿಗೆ ಹೋಗಿದ್ದನು. ಹನ್ನೊಂದು ವರ್ಷಗಳ ಕಾಲ ಬರೆದ ‘ಈನಿಯಡ್’ ಕಾವ್ಯವನ್ನು ಇನ್ನು ಮೂರು ವರ್ಷ ತಿದ್ದಿ ಪರಿಷ್ಕರಿಸಿ, ಉಳಿದ ಆಯುಷ್ಯವನ್ನು ತತ್ತ್ವಚಿಂತನೆಯಲ್ಲಿ ಕಳೆಯಬೇಕೆಂಬುದು ಅವನ ಸಂಕಲ್ಪ. ಅಥೆನ್ಸಿನಲ್ಲಿ ಚಕ್ರವರ್ತಿ ಅಗಸ್ಟಸನ ಭೇಟಿಯಾಗಿ, ಅವನೊಡನೆ ಹಿಂದಿರುಗಲು ಒಪ್ಪಿದನು. ಮೆಗಾರ ಪಟ್ಟಣದ ಬಿಸಿಲಿನಲ್ಲಿ ಜ್ವರ ಬಂದಿತು, ಸಮುದ್ರಪ್ರಯಾಣದಿಂದ ಉಲ್ಬಣಿಸಿತು. ಬ್ರಿಂಡಿಸಿಗೆ ಬಂದಿಳಿದ ಕೆಲವೇ ದಿನಗಳಲ್ಲಿ, ಸೆಪ್ಟೆಂಬರ್ ೨೧ರಂದು, ಐವತ್ತೊಂದು ತುಂಬುವುದಕ್ಕೆ ಮೊದಲೇ ಕವಿಯು ದೇಹವನ್ನು ಬಿಟ್ಟನು. ರೋಗಶಯ್ಯೆಯಲ್ಲಿ ತನ್ನ ಹಸ್ತಪ್ರತಿಗಳ ಪೆಟ್ಟಿಗೆಯನ್ನು ಮತ್ತೆಮತ್ತೆ ಕೇಳಿದನಂತೆ, ಕಾವ್ಯವನ್ನು ತಾನೇ ಸುಟ್ಟುಹಾಕುವುದಕ್ಕೆ. ಯಾರೂ ತಂದುಕೊಡಲಿಲ್ಲ. ಅಗಸ್ಟಸನ ಆಜ್ಞೆಯಂತೆ ವೇರಿಯಸ್, ಟುಕ್ಕಾ ಎಂಬ ಇಬ್ಬರು ಮಿತ್ರರು ಅದನ್ನು ಪ್ರಕಟಪಡಿಸಿದರು. ಅಲ್ಲಲ್ಲಿ ಅರ್ಧಕ್ಕೆ ನಿಂತ ಸಾಲುಗಳು ಅರ್ಧವಾಗಿಯೇ ಉಳಿದಿವೆ.

ಇದನ್ನು ಓದಿದಾಗ ಕಥಾಸರಿತ್ಸಾಗರವನ್ನು ಬಲ್ಲವರಿಗೆ ಗುಣಾಢ್ಯನ ನೆನಪಾಗದಿರದು. ತನ್ನ ರಕ್ತದಿಂದ ಪೈಶಾಚಿಯಲ್ಲಿ ಬರೆದ ಏಳು ಲಕ್ಷ ಗ್ರಂಥದ ಬೃಹತ್ಕಥೆಯನ್ನು ಸಾತವಾಹನ ರಾಜನು ಹೀನೈಸಿದಾಗ, ಅವನು ಕಾಡಿನಲ್ಲಿ ಅಗ್ನಿಕುಂಡವನ್ನು ಮಾಡಿ ಒಂದೊಂದೇ ಹಾಳೆಯನ್ನು ಓದಿ ಓದಿ ಬೆಂಕಿಗೆ ಹಾಕಿದನು. ಮೃಗಗಳು ಮೇವನ್ನು ಬಿಟ್ಟು ಕಣ್ಣೀರಿಡುತ್ತ ಕೇಳಿದುವು. ಅರಸನು ಪಶ್ಚಾತ್ತಾಪಪಟ್ಟು ಓಡಿಬರುವಷ್ಟರಲ್ಲಿ ಉಳಿದಿದ್ದುದು ಒಂದು ಲಕ್ಷ. ಎರಡು ಕಡೆಯೂ ಕಾವ್ಯವನ್ನು ಉಳಿಸಿದವನು ಅರಸನೇ. ಆದರೆ ಒಬ್ಬನು ಅರಸಿಕರ ಮೇಲಣ ಕೋಪದಿಂದ ಸುಟ್ಟನು. ಇನ್ನೊಬ್ಬನು ತನ್ನ ಕೃತಿಯ ಮೇಲಣ ಅತೃಪ್ತಿಯಿಂದ ಸುಡಬಯಸಿದನು. ಇವುಗಳಲ್ಲಿ ಎರಡನೆಯದೇ ಕಠಿನವಾದ ವ್ರತವೆಂದು ತೋರುತ್ತದೆ. ಸಾಯುವ ಕವಿಯ ಕೊನೆಯ ಮಾತನ್ನು ಮೀರಿ ಅವನ ಕೃತಿಯನ್ನು ಲೋಕಕ್ಕೆ ಕೊಡಬಹುದೇ ಎಂಬ ಪ್ರಶ್ನೆಗೆ ಧರ್ಮಶಾಸ್ತ್ರಿಗಳು ಏನು ಹೇಳುವರೋ. ಈನಿಯಡ್ಡನ್ನು ಓದಿದವರು ಮಾತ್ರ ಅಗಸ್ಟಸನಿಗೆ ದೋಷವನ್ನು ಕಟ್ಟಲಾರರು. ಜರ್ಮನ್ ಭಾಷೆಯ ಲೇಖಕನಾದ ಹರ್ಮನ್ ಬ್ರಾಖನು ೧೯೪೫ರಲ್ಲಿ ಪ್ರಕಟಿಸಿದ ಒಂದು ದೊಡ್ಡ ಕಾದಂಬರಿಗೆ ಬ್ರಿಂಡಿಸಿಯ ಈ ಕೊನೆಯ ಗಳಿಗೆಗಳೇ ವಸ್ತು.

ಇಂದು ಊರನ್ನು ನೋಡಹೋದವರನ್ನು ಮೊದಲು ಕರೆದುಕೊಂಡು ಹೋಗುವುದು ಕವಿಯ ಹೆಸರಿನ ಮೆಟ್ಟಲುಗಳ ಬಳಿಗೆ. ರೇವಿನ ದಂಡೆಯಿಂದ ಅಗಲವಾದ ಸೋಪಾನವು ಮೇಲಕ್ಕೆ ಏರುತ್ತದೆ. ನೆತ್ತಿಯಲ್ಲಿ ಸುಮಾರು ೧೯ ಮೀಟರು ಎತ್ತರದ ಒಂದು ಅಮೃತಶಿಲೆಯ ಕಂಬ. ಪಕ್ಕದಲ್ಲಿ ಮತ್ತೊಂದರ ಪೀಠ ಮಾತ್ರ. ರೋಮನರ ಕಾಲದಲ್ಲಿ ಎರಡೂ ಜೊತೆಯಾಗಿ ನಿಂತು ಬರುವ ಹಡಗುಗಳಿಗೆ ಗುರುತಾಗಿದ್ದುವು. ಹಾಳಾಗಿದ್ದ ಊರನ್ನು ಬುಡದಿಂದ ಪುನಃ ಕಟ್ಟಿಸಿದ ಲೂಪಸ್ ಎಂಬ ಬೈಜಾಂಟಿಯಮ್ಮಿನ ಅಧಿಕಾರಿಯ ಪ್ರಶಸ್ತಿಯು ಪೀಠದ ಮೇಲೆ ಕೊರೆದಿದೆ. ೧೫೨೮ರಲ್ಲಿ ಒಂದು ಕಂಬವು ಉರುಳಿತು. ನೂರಕ್ಕೂ ಹೆಚ್ಚು ವರ್ಷ ಅದರ ತುಂಡುಗಳು ಬಿದ್ದಲ್ಲಿಯೇ ಬಿದ್ದಿದ್ದು, ೧೬೫೬ರ ಮಹಾಮಾರಿಯಿಂದ ಪಾರಾದ ನೆರೆಯ ಲೆಚ್ಚೆ ಪಟ್ಟಣದವರು ತಮ್ಮ ರಕ್ಷಕನಾದ ಸಾಧು ಒರೋಂಜೋನ ಪ್ರತಿಮೆಯನ್ನು ನಿಲ್ಲಿಸುವುದಕ್ಕಾಗಿ ಅವನ್ನು ಒಯ್ದರು. ಹೀಗೆ ಅಣ್ಣತಮ್ಮಂದಿರಂತಿದ್ದ ಎರಡು ಕಂಬಗಳಲ್ಲಿ ಒಂದು ಕಡಲನ್ನು ನೋಡುತ್ತ ಇಲ್ಲಿಯೇ ನಿಂತಿದೆ. ಮತ್ತೊಂದು ಒಳನಾಡಿನ ಚೌಕದಲ್ಲಿ ಸಾಧುವನ್ನು ಹೊತ್ತುಕೊಂಡಿದೆ. ಉಳಿದ ಕಂಬದ ಬೋದಿಗೆಯಲ್ಲಿ ದೇವತೆಗಳೂ ಶಂಖವನ್ನೂದುವ ಜಲಮಾನವರೂ ಇದ್ದಾರೆ. ಗಾಳಿ ಉಪ್ಪುಗಳಿಂದ ಸವೆಯಬಾರದೆಂದು ಮೂಲವನ್ನು ಕೆಳಗಿಳಿಸಿ ಊರೊಳಗಿನ ಒಂದು ಅರಮನೆಯಲ್ಲಿರಿಸಿ, ಮೇಲೆ ಅದರ ಪ್ರತಿರೂಪವನ್ನು ಕೂರಿಸಿದ್ದಾರೆ.

ಈ ದಂಡೆಯಲ್ಲಿಯೇ ಕ್ರಿ. ಶ. ೨೦ರ ಆರಂಭದಲ್ಲಿ ಅಗ್ರಿಪ್ಪಿನೆಯು ಬಂದಿಳಿದಳು. ಅವಳ ಗಂಡನಾದ ಜರ್ಮಾನಿಕಸನು ಟೈಬೀರಿಯಸ್ ಚಕ್ರವರ್ತಿಯ ದತ್ತುಪುತ್ರ, ಜನರ ಕಣ್ಮಣಿ. ಹಿಂದಿನ ವರ್ಷ ಸಿರಿಯಾದಲ್ಲಿ ಸತ್ತಿದ್ದನು. ವಿಷಪ್ರಯೋಗವಾಯಿತೆಂದು ಲೋಕವೆಲ್ಲ ಆಡಿಕೊಳ್ಳುತ್ತಿತ್ತು. ಚಳಿಗಾಲದ ಕಡಲನ್ನು ಲೆಕ್ಕಿಸದೆ ಅವಳು ಬರುತ್ತಾಳೆಂದು ತಿಳಿದು, ದಂಡೆಯ ಮೇಲೆ, ಗೋಡೆಗಳ ಮೇಲೆ, ಮಾಳಿಗೆಗಳ ಮೇಲೆ ಜನರು ಕಿಕ್ಕಿರಿದಿದ್ದರು. ಮೌನವಾಗಿರಬೇಕೋ ಕೂಗಬೇಕೋ ಯಾರಿಗೂ ತೋಚಲಿಲ್ಲ. ಇಬ್ಬರು ಮಕ್ಕಳೊಡನೆ, ಅಸ್ಥಿಯ ಕುಂಭವನ್ನು ಹಿಡಿದು, ನೆಲದಿಂದ ಕಣ್ಣೆತ್ತದೆ ಅವಳು ಇಳಿದಾಗ ಎದ್ದ ಗೋಳು ಒಂದೇ; ಅದರಲ್ಲಿ ಬಂಧುಗಳದು ಯಾವುದು, ಪರರದು ಯಾವುದು ಎಂಬುದನ್ನು ಬೇರ್ಪಡಿಸುವಂತಿರಲಿಲ್ಲವೆಂದು ಟಾಸಿಟಸನು ವರ್ಣಿಸಿದ್ದಾನೆ. ಅದೇ ಟೈಬೀರಿಯಸನ ಬೆಳ್ಳಿಯ ನಾಣ್ಯಗಳು ನಮ್ಮ ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿಯ ನೆಲದಲ್ಲಿ ಸಾತವಾಹನರ ಸೀಸದ ನಾಣ್ಯಗಳ ನೆರೆಯಲ್ಲಿ ದೊರೆತಿವೆ. ಆ ವ್ಯಾಪಾರದ ಹೆದ್ದಾರಿಯು ಪುತಿಯೋಲಿ, ಅಲೆಕ್ಸಾಂಡ್ರಿಯ, ಕೆಂಪುಸಮುದ್ರಗಳ ಮೂಲಕ ಇತ್ತು. ಬ್ರಿಂಡಿಸಿಗೂ ಹಿಂದೂದೇಶಕ್ಕೂ ನೇರವಾದ ಗಂಟು ಬೀಳುವುದಕ್ಕೆ ಇನ್ನೂ ಹದಿನೆಂಟು ಶತಮಾನಗಳು ಕಳೆಯಬೇಕಾಗಿತ್ತು.

ನಡುಗಾಲದಲ್ಲಿ ಜೆರೂಸಲೆಮ್ಮಿನ ಯಾತ್ರಿಕರಿಗೂ ಧರ್ಮಯುದ್ಧದ ಯೋಧರಿಗೂ ಇದೇ ರೇವು. ಜೆರೂಸಲೆಮ್ಮಿನ ಸಮಾಧಿಮಂದಿರವನ್ನು ಅನುಸರಿಸಿ ದುಂಡಾಗಿ ಕಟ್ಟಿದ ಸಂತ ಯೋಹಾನನ ಸಣ್ಣ ದೇವಾಲಯವು ಇಂದಿಗೂ ಉಳಿದಿದೆ. ೧೨೨೫ರ ನವೆಂಬರಿನಲ್ಲಿ ಎರಡನೆಯ ಫ್ರೆಡರಿಕ್ ಚಕ್ರವರ್ತಿಯು ಇಲ್ಲಿಯ ದೊಡ್ಡ ದೇವಾಲಯದಲ್ಲಿ ಜೆರೂಸಲೆಮ್ಮಿನ ರಾಣಿಯಾದ ಇಸಾಬೆಲ್ಲಳನ್ನು ಮದುವೆಯಾದನು. ಆಗ ಅವಳಿನ್ನೂ ಹುಡುಗಿ. ಎರಡು ವರ್ಷಗಳ ತರುವಾಯ ಅವನು ಇಲ್ಲಿಂದ ದಂಡೆತ್ತಿ ಹೊರಟು, ಸೈನ್ಯದಲ್ಲಿ ರೋಗ ಹರಡಿದುದರಿಂದ ಹಿಂದಿರುಗಿದುದಕ್ಕೆ ಪೋಪರ ಬಹಿಷ್ಕಾರವನ್ನು ಪಡೆದನು. ಬಹಿಷ್ಕೃತನಾಗಿಯೇ ೧೨೨೮ರಲ್ಲಿ ಮತ್ತೆ ಹೊರಟು, ಮರುವರ್ಷ ಸುಲ್ತಾನ ಅಲ್-ಕಾಮಿಲನೊಡನೆ ಕೌಲು ಮಾಡಿಕೊಂಡು, ಯುದ್ಧವನ್ನೇ ಮಾಡದೆ ಜೆರೂಸಲೆಮ್ಮನ್ನು ಪಡೆದನು. ಅವನು ಕಟ್ಟಿಸಿದ ಕೋಟೆಯು ಪಶ್ಚಿಮದ ಕೊಂಬಿನ ದಡದಲ್ಲಿದೆ. ಮದುವೆ ನಡೆದ ದೇವಾಲಯವು ೧೭೪೩ರ ಭೂಕಂಪದಲ್ಲಿ ಬಿದ್ದುಹೋಯಿತು. ಈಗಿರುವುದು ಅದರ ಸ್ಥಾನದಲ್ಲಿ ಕಟ್ಟಿದುದು. ನೆಲದಲ್ಲಿ ಮಾತ್ರ ೧೧೭೮ರ ಬಣ್ಣದ ಕಲ್ಲುಚೂರುಗಳ ಚಿತ್ರವು ಅಲ್ಲಲ್ಲಿ ಹರಿದ ಕಂಬಳಿಯಂತೆ ಉಳಿದಿದೆ.

೧೫ನೆಯ ಶತಮಾನದಲ್ಲಿ ಈ ಸೀಮೆಯ ಒಡೆಯನಾದ ಟಾರಂಟೋದ ರಾಜಕುಮಾರನು, ವೆನಿಸಿನ ನೌಕಾಬಲವು ಒಳಗೆ ನುಗ್ಗೀತೆಂದು ಹೆದರಿ, ಕಲ್ಲು ತುಂಬಿದ ಹಡಗೊಂದನ್ನು ಕಾಲುವೆಯ ಬಾಯಲ್ಲಿ ಮುಳುಗಿಸಿದನು. ವೈರಿ ಬರಲಿಲ್ಲ, ಬಂದುದು ಹೂಳು. ಕಾಲುವೆ ಕಟ್ಟಿಹೋಗಿ ಒಳರೇವಿನ ನೀರು ಕೊಳೆತು, ಜಿಂಕೆಯ ಕೊಂಬುಗಳೆರಡೂ ಜವುಗಾದುವು. ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಚಳಿಜ್ವರವು ಈ ಊರನ್ನು ಮನೆಮನೆಯಾಗಿ ತಿಂದಿತು. ಶತ್ರುವಿನ ಮುತ್ತಿಗೆಯಿಂದ ಊರುಗಳು ಹಾಳಾಗುವುದು ಲೋಕದಲ್ಲಿ ಸಾಮಾನ್ಯ. ಒಡೆಯನ ಭಯದಿಂದ ಹಾಳಾದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಾಗಿಲ್ಲ. ಕಡೆಗೆ ನೇಪಲ್ಸಿನ ದೊರೆ ನಾಲ್ಕನೆಯ ಫರ್ಡಿನೆಂಡನ ಅಪ್ಪಣೆಯಂತೆ ಆಂಡ್ರಿಯಾ ಪಿಗೊನಾತಿ ಎಂಬ ಶಿಲ್ಪಿಯು ೧೭೭೫ರಿಂದ ಮೂರು ವರ್ಷ ದುಡಿದು ಕಾಲುವೆಯನ್ನು ಪುನಃ ತೆರೆದನು. ಮುಂದೆಯೂ ಹಲವು ಸಲ ಹೂಳೆತ್ತಬೇಕಾಯಿತಾದರೂ, ಊರಿಗೆ ಉಸಿರು ಮರಳಿ ಬಂದುದು ಆಗಲೇ. ಕಾಲುವೆಗೆ ಇಂದಿಗೂ ಅವನ ಹೆಸರೇ ಇದೆ.

೧೮೬೫ರಲ್ಲಿ ರೈಲುದಾರಿಯು ಬಂದಿತು. ೧೮೬೯ರಲ್ಲಿ ಸೂಯೆಜ್ ಕಾಲುವೆಯು ತೆರೆಯಿತು. ೧೮೭೦ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಹತ್ತಿ ಮಾರ್ಸೇಲ್ಸಿನ ದಾರಿಯು ಕೆಟ್ಟಿತು. ಈ ಮೂರೂ ಕೂಡಿ ಹಿಂದೂದೇಶದ ಅಂಚೆಯನ್ನು ಬ್ರಿಂಡಿಸಿಗೆ ತಂದುವು. ೧೮೭೧ರಲ್ಲಿ ಆಲ್ಪ್ಸ್ ಪರ್ವತವನ್ನು ಕೊರೆದ ಸುರಂಗವು ಸಿದ್ಧವಾದ ಮೇಲೆ ಲಂಡನಿನ ಅಂಚೆಯ ಚೀಲಗಳು ಇಟಲಿಯ ಉದ್ದಕ್ಕೂ ಧಾವಿಸಿ ಇಲ್ಲಿ ಹಡಗನ್ನೇರುತ್ತಿದ್ದುವು. ಇಟಲಿಯವರು ಇದನ್ನು ‘ಇಂಡಿಯದ ಚೀಲ’ ಎಂದು ಕರೆದರು. ದಂಡೆಯ ಮೇಲೆ ‘ಪೂರ್ವ ಇಂಡಿಯದ ಹೋಟೆಲು’ ಎಂಬ ಭವ್ಯವಾದ ವಸತಿಗೃಹವು ಎದ್ದಿತು. ಬೇರೆ ಹೆಸರಿನಿಂದ ಅದು ಇಂದಿಗೂ ಇದೆ. ಜೂಲ್ಸ್ ವರ್ನನ ಕಥೆಯಲ್ಲಿ ಎಂಬತ್ತು ದಿನಗಳಲ್ಲಿ ಭೂಪ್ರದಕ್ಷಿಣೆ ಮಾಡಲು ಹೊರಟ ಫಾಗ್ ಮಹಾಶಯನು ‘ಮಂಗೋಲಿಯಾ’ ಹಡಗನ್ನು ಏರುವುದು ಇಲ್ಲಿಯೇ. ೧೮೭೮ರಲ್ಲಿ ಹದಿನೇಳು ವರ್ಷದ ರವೀಂದ್ರನಾಥ ಠಾಕೂರರು ಮೊದಲ ಸಲ ಯೂರೋಪಿಗೆ ಹೋದಾಗ, ಅಲೆಕ್ಸಾಂಡ್ರಿಯದಿಂದ ಅವರನ್ನು ಬ್ರಿಂಡಿಸಿಗೆ ಕರೆತಂದ ಹಡಗಿನ ಹೆಸರೂ ‘ಮಂಗೋಲಿಯಾ’ ಎಂಬುದು ಸ್ವಾರಸ್ಯವಾದ ಸಂಗತಿ. ಯೂರೋಪಿನ ನೆಲದಲ್ಲಿ ಅವರು ಮೊದಲು ಕಾಲಿಟ್ಟ ಊರು ಇದೇ. ೧೯೧೪ರ ಯುದ್ಧದಿಂದ ಅಂಚೆಯು ನಿಂತಿತು, ಮರಳಿ ಬರಲಿಲ್ಲ.

ಅಂಚೆಯು ಹೋದರೂ ಹಡಗುಗಳು ಪೂರ್ತಿಯಾಗಿ ನಿಲ್ಲಲಿಲ್ಲ. ದುಂಡುಮೇಜಿನ ಪರಿಷತ್ತಿನಿಂದ ಬರಿಗೈಯಲ್ಲಿ ಮರಳುತ್ತಿದ್ದ ಮಹಾತ್ಮಾ ಗಾಂಧಿಯವರು ರೋಮಿನ ಮಾರ್ಗವಾಗಿ ಬಂದು, ೧೯೩೧ನೆಯ ಡಿಸೆಂಬರ್ ೧೪ರಂದು ಈ ರೇವಿನಲ್ಲಿ ‘ಪಿಲ್ಸ್ನಾ’ ಎಂಬ ಹಡಗನ್ನು ಹತ್ತಿದರು. ೨೮ರಂದು ಮುಂಬಯಿ, ಜನವರಿ ೪ರಂದು ಸೆರೆಮನೆ. ಅವರು ಯೂರೋಪಿನ ನೆಲದಿಂದ ಕಾಲೆತ್ತಿದುದು ಅದೇ ಕೊನೆ. ಎರಡನೆಯ ಮಹಾಯುದ್ಧದಲ್ಲಿ, ೧೯೪೩ರ ಸೆಪ್ಟೆಂಬರಿನಲ್ಲಿ, ಇಟಲಿಯ ದೊರೆಯೇ ರೋಮನ್ನು ಬಿಟ್ಟು ಓಡಿಬಂದು ಇಲ್ಲಿ ಆಶ್ರಯ ಪಡೆದನು. ಮರುವರ್ಷದ ಫೆಬ್ರವರಿಯವರೆಗೆ ಈ ಸಣ್ಣ ಊರೇ ಸರ್ಕಾರದ ಪೀಠವಾಗಿತ್ತು. ಆ ವೈಭವವನ್ನು ಕುರಿತು ಹೆಚ್ಚು ಹೇಳತಕ್ಕದ್ದಿಲ್ಲ.

ಹೇಳತಕ್ಕದ್ದು ೧೯೯೧ನೆಯ ಮಾರ್ಚಿ ೭ನೆಯ ದಿನದ್ದು. ಎದುರುದಡದ ಅಲ್ಬೇನಿಯದಲ್ಲಿ ಹಳೆಯ ಆಳ್ವಿಕೆಯು ಕುಸಿದು, ಹಸಿದ ಜನರು ಸಿಕ್ಕಿದ ಹಡಗುಗಳನ್ನೆಲ್ಲ ಏರಿ ಹೊರಟರು. ಸುಮಾರು ೨೭,೦೦೦ ಮಂದಿ ಬ್ರಿಂಡಿಸಿಯ ದಂಡೆಯಲ್ಲಿ ಇಳಿದರು. ಊರಿನ ಜನಸಂಖ್ಯೆಯೇ ಸುಮಾರು ತೊಂಬತ್ತು ಸಾವಿರ. ಸರ್ಕಾರವು ಏನು ಮಾಡಬೇಕೆಂದು ಆಲೋಚಿಸುತ್ತಿದ್ದಾಗ ಊರಿನವರು ಆಲೋಚಿಸಲಿಲ್ಲ. ಗೃಹಿಣಿಯರು ಅಡಿಗೆ ಮಾಡಿ ಬೀದಿಗೆ ತಂದರು, ಪೆಟ್ಟಿಗೆಗಳಲ್ಲಿದ್ದ ಬಟ್ಟೆಬರೆಗಳು ಹೊರಬಂದುವು, ಶಾಲೆಗಳು ತಂಗುದಾಣಗಳಾದುವು, ಎಷ್ಟೋ ಮನೆಗಳಲ್ಲಿ ಗುರುತಿಲ್ಲದ ಮಕ್ಕಳು ಆ ರಾತ್ರಿ ಹಾಸಿಗೆಯ ಮೇಲೆ ಮಲಗಿದರು. ಸೀಸರನು ಒಡ್ಡು ಹಾಕಿದ, ರಾಜಕುಮಾರನು ಹಡಗು ಮುಳುಗಿಸಿದ ಅದೇ ಕಾಲುವೆಯ ಮೂಲಕ ಆ ಜನರು ಒಳಗೆ ಬಂದರು.

ಕಂಬದ ಎದುರುದಡಕ್ಕೆ ರೇವನ್ನು ದಾಟಿಸುವ ಸಣ್ಣ ದೋಣಿಗಳುಂಟು. ಅಲ್ಲಿ ಕಡಲಿನಲ್ಲಿ ಮಡಿದ ನಾವಿಕರ ನೆನಪಿಗಾಗಿ ೧೯೩೩ರಲ್ಲಿ ನಿಲ್ಲಿಸಿದ, ಹಡಗಿನ ಚುಕ್ಕಾಣಿಯ ಆಕಾರದ, ೫೩ ಮೀಟರು ಎತ್ತರದ ಸ್ಮಾರಕವಿದೆ. ೧೯೧೫ರ ಸೆಪ್ಟೆಂಬರಿನಲ್ಲಿ ಇದೇ ರೇವಿನಲ್ಲಿ ಸಿಡಿದು ಮುಳುಗಿದ ‘ಬೆನೆಡೆಟ್ಟೋ ಬ್ರಿನ್’ ಯುದ್ಧನೌಕೆಯಲ್ಲಿ ನಾನೂರೈವತ್ತಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಆ ಚುಕ್ಕಾಣಿಯ ತುದಿಯಿಂದ ನೋಡಿದರೆ ಮೆಟ್ಟಲುಗಳೂ ಒಂಟಿಕಂಬವೂ ಎದುರಿಗೇ ಕಾಣುತ್ತವೆ. ಊರಿನ ಎರಡು ಕಡೆಗೂ ಹರಿದ ನೀರಿನ ತೋಳುಗಳು, ಮೆಸ್ಸಾಪಿಯರು ಹೇಳಿದಂತೆಯೇ, ಜಿಂಕೆಯ ಕೊಂಬುಗಳಾಗಿ ತೋರುತ್ತವೆ.